ಗಾಳಿ ಪುಕ್ಕಟೆ, ಜಾಕ್ ಅಲ್ಲ

ಕೂಡ್ಲಿಗಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರ ಬದಿಯ ಯಾವ ಗ್ಯಾರೇಜಿಗೆ ಹೋದರೂ ಎರಡು ವಸ್ತು ಕಣ್ಣಿಗೆ ಬೀಳುತ್ತವೆ. ಮೂಲೆಯಲ್ಲಿ ಕಂಪ್ರೆಸರ್, ವಾಹನದಡಿ ಎಣ್ಣೆ ಜಿನುಗುವ ಬಾಟಲ್ ಜಾಕ್. ಕಂಪ್ರೆಸರ್ ಹೊಟ್ಟೆ ತುಂಬ ಗಾಳಿ ಇಟ್ಟುಕೊಂಡು ಸುಮ್ಮನೆ ನಿಂತಿರುತ್ತದೆ. ಜಾಕ್ ಮುಂದೆ ಹುಡುಗನೊಬ್ಬ ಕುಕ್ಕರಗಾಲಲ್ಲಿ ಕೂತು ರಾಡ್ ಒತ್ತುತ್ತಿರುತ್ತಾನೆ. ಆ ಗಾಳಿಯಿಂದಲೇ ಗಾಡಿ ಎತ್ತಿಸಿದರೆ ಏನಾದೀತು ಎಂಬ ಯೋಚನೆ ಮೆಕ್ಯಾನಿಕ್ ಆದವನಿಗೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ಈ ಅಂಕಣಕಾರನ ಅಕ್ಕನ ಮಗನಿಗೂ ಬಂತು. "ಮಾಮಾ, ಕಂಪ್ರೆಸರ್ ಹೆಂಗೂ ಐತಿ, ಗಾಳಿ ಪುಕ್ಸಟ್ಟೆ. ಬಸ್ಸಿನ ಬೆಲ್ಲೋ ಒಂದು ಸಿಕ್ಕರ ಜಾಕ್ ನಾನಽ ಮಾಡ್ತೀನಿ. ನೀವು ಐದು ಸಾವಿರ ಕೊಟ್ರ ಸಾಕು" ಎಂದ. ದುಡ್ಡು ಕೇಳಿದವರಿಗೆ ಪಟ್ಟಿ ಕೇಳುವುದು ಅಂಕಣಕಾರನ ಹಳೆಯ ಚಾಳಿ. "ಆತಪ್ಪ, ಯಾವುದಕ್ಕೆ ಎಷ್ಟು, ಬರಕೊಂಡು ಬಾ" ಎಂದು ಕಳಿಸಿದ.

ಲೆಕ್ಕಕ್ಕೆ ಮೊದಲು ವಸ್ತುವನ್ನು ನೋಡಬೇಕು. ಏರ್ ಸಸ್ಪೆನ್ಷನ್ ಬಸ್ಸುಗಳ ಚಾಸಿ ಅಡಿ ದಪ್ಪ ರಬ್ಬರಿನ, ಒಳಗೆ ದಾರದ ಪದರ ಇರುವ ಬೆಲ್ಲೋ ಇರುತ್ತದೆ. ಅದರ ಮೇಲೊಂದು ಕೆಳಗೊಂದು ಕಬ್ಬಿಣದ ಪ್ಲೇಟ್ ಬಿಗಿದು ಗಾಳಿ ಬಿಟ್ಟರೆ ಅದೇ ಜಾಕ್. ತತ್ವ ಸರಳ: ಗಾಳಿಯ ಒತ್ತಡವನ್ನು ಬೆಲ್ಲೋದ ವಿಸ್ತೀರ್ಣದಿಂದ ಗುಣಿಸಿದರೆ ಎತ್ತುವ ಶಕ್ತಿ. 20 ಸೆಂಟಿಮೀಟರ್ ವ್ಯಾಸಕ್ಕೆ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಸಣ್ಣ ಕಾರಿನ ಮುಂಭಾಗದ ಭಾರ 600 ಕೆಜಿ ಎಂದಿಟ್ಟುಕೊಂಡರೂ ಚದರ ಸೆಂಟಿಮೀಟರಿಗೆ 2 ಕೆಜಿ ಒತ್ತಡ ಸಾಕು. ಪಂಕ್ಚರ್ ಅಂಗಡಿಯ ಲೆಕ್ಕದಲ್ಲಿ 30 ಪಾಯಿಂಟಿನೊಳಗೇ ಆಯಿತು. ಕಾರಿನ ಟೈರಿನಲ್ಲಿರುವಷ್ಟೇ ಗಾಳಿ ಆ ಕಾರನ್ನು ಎತ್ತುತ್ತದೆ! 100 ಪಾಯಿಂಟ್ ಬಿಟ್ಟರೆ ಲೆಕ್ಕದ ಪ್ರಕಾರ 2,200 ಕೆಜಿ. ಆದರೆ ಬೆಲ್ಲೋ ಮೇಲೇರಿದಂತೆ ಅದರ ನಡು ಸಣ್ಣಗಾಗಿ ಶಕ್ತಿ ಇಳಿಯುತ್ತದೆ. ಕಾಗದದ ಮೇಲಿನ ಎರಡು ಟನ್ ಪೂರ್ತಿ ಎತ್ತರದಲ್ಲಿ ಸಿಗುವುದಿಲ್ಲ.

ವಿದ್ಯುತ್ತಿನ ಖರ್ಚು ನಗು ಬರುವಷ್ಟು ಕಡಿಮೆ. ಒಂದು ಸಲ ಎತ್ತಲು ಬೇಕಾದ ಗಾಳಿಯನ್ನು 3 ಎಚ್‌ಪಿ ಕಂಪ್ರೆಸರ್ ಕಾಲು ನಿಮಿಷದಲ್ಲಿ ತುಂಬುತ್ತದೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ಹತ್ತು ಪೈಸೆ ದಾಟದು. ಅಳಿಯ ಹೇಳಿದ್ದರಲ್ಲಿ ಅಷ್ಟು ನಿಜ.

ಪಟ್ಟಿ ಬಂತು. ದಾವಣಗೆರೆಯ ಗುಜರಿಯಿಂದ ಬಿರುಕಿಲ್ಲದ ಹಳೆ ಬೆಲ್ಲೋ 1,400 ರೂಪಾಯಿ. ಹಗರಿಬೊಮ್ಮನಹಳ್ಳಿಯ ಲೇತ್‌ನಲ್ಲಿ ಹತ್ತು ಎಂಎಂ ಪ್ಲೇಟ್ ಕತ್ತರಿಸಿ, ತೂತು ಹಾಕಿ, ಬೋಲ್ಟ್ ಸಮೇತ 1,200. ಪಟ್ಟಿ ಅಲ್ಲಿಗೆ ಮುಗಿದಿತ್ತು. "ಉಳಿದಿದ್ದು ಎಲ್ಲಿ?" ಎಂದು ಕೇಳಿದಾಗ "ಇನ್ನೇನೈತಿ ಮಾಮಾ?" ಎಂಬ ಉತ್ತರ.

ಬಹಳ ಇತ್ತು. ಒತ್ತಡ ನಿಗದಿಪಡಿಸುವ ರೆಗ್ಯುಲೇಟರ್, ಪೈಪ್ ಕಿತ್ತುಬಂದರೂ ಗಾಳಿ ವಾಪಸ್ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ಮಿತಿ ಮೀರಿದರೆ ತಾನೇ ಬಿಡುವ ಸೇಫ್ಟಿ ವಾಲ್ವ್, ಇಳಿಸಲು ಬಾಲ್ ವಾಲ್ವ್, ಒಂದು ಗೇಜ್: ಇವೆಲ್ಲ ಸೇರಿ 1,700. ಬೆಲ್ಲೋಗೆ ಮೇಲಕ್ಕೆ ಏರುವುದು ಗೊತ್ತೇ ಹೊರತು ನೆಟ್ಟಗೆ ನಿಲ್ಲುವುದು ಗೊತ್ತಿಲ್ಲ. ವಾಲದಂತೆ ಪೈಪಿನೊಳಗೆ ಪೈಪ್ ಜಾರುವ ಗೈಡ್, ವೆಲ್ಡಿಂಗ್ ಸೇರಿ 900. ಎತ್ತಿದ ಮೇಲೆ ಭಾರ ಹೊರಲು ಮೂರು ಟನ್ನಿನ ಸ್ಟ್ಯಾಂಡ್ ಒಂದು ಜೊತೆ, 2,200. ಹೀಗೆ ಗಾಡಿ ಎತ್ತುವ ಭಾಗಕ್ಕೆ 2,600 ರೂಪಾಯಿ. ಎತ್ತಿದ ಗಾಡಿ ಮನುಷ್ಯನ ಮೇಲೆ ಬೀಳದಿರಲು 4,800. ಮನೆಯಲ್ಲೇ ಮಾಡಿದ ಜಾಕ್ ಅಗ್ಗ ಎನ್ನುವವರ ಪಟ್ಟಿಯಲ್ಲಿ ಕಾಣೆಯಾಗಿರುವುದು ಯಾವಾಗಲೂ ಈ ಎರಡನೇ ಮೊತ್ತ.

ಎಲ್ಲ ಕೂಡಿದರೆ 7,400. ಅದೇ ಅಳತೆಯ ಸಿದ್ಧ ಏರ್ ಜಾಕ್‌ಗೆ ಅಂಗಡಿಯವರು ಹೇಳಿದ ದರ 11,500. ಅದಕ್ಕೂ ಸ್ಟ್ಯಾಂಡ್ ಬೇಕು, ಅಲ್ಲಿಗೆ 13,700. ಉಳಿತಾಯ 6,300 ರೂಪಾಯಿ. ಜಾಕ್ ಮಾಡುತ್ತ ಕೂತಾಗ ಗ್ಯಾರೇಜಿನಲ್ಲಿ ತಪ್ಪಿದ ಕೂಲಿಯನ್ನು 1,500 ಎಂದು ಕಳೆದರೆ 4,800 ಉಳಿಯಿತು. ಕಡಿಮೆಯೇನಲ್ಲ. ಹಾಗಂತ ಹೇಳಿಕೊಂಡು ತಿರುಗುವಷ್ಟು ದೊಡ್ಡದೂ ಅಲ್ಲ.

"ಟೈಮ್ ಉಳಿತೈತಲ್ಲ?" ಎಂಬುದು ಮುಂದಿನ ವಾದ. ಬಾಟಲ್ ಜಾಕ್ ಒತ್ತಲು ಹಿಡಿಯುವ ಹೊತ್ತು ಉಳಿಯುತ್ತದೆ, ನಿಜ. ಆದರೆ ಬಾಗಿಲಲ್ಲಿ ಇನ್ನೊಂದು ಗಾಡಿ ಕಾಯುತ್ತಿದ್ದರೆ ಮಾತ್ರ ಉಳಿದ ನಿಮಿಷ ದುಡ್ಡಾಗುತ್ತದೆ. ಕೊಟ್ಟೂರೇಶ್ವರನ ತೇರು, ಮೈಲಾರದ ಕಾರಣಿಕದ ದಿನಗಳಲ್ಲಿ ಆ ಸಾಲು ಇರುತ್ತದೆ. ಹಡಗಲಿಯ ಮಲ್ಲಿಗೆ ಹೊತ್ತ ಗಾಡಿಯವನಿಗೂ ಪ್ರತಿ ನಿಮಿಷ ಮುಖ್ಯ, ಹೂ ಕಾಯುವುದಿಲ್ಲ. ಬಿರುಬೇಸಗೆಯಲ್ಲಿ, ಶೇಂಗಾ ಬೆಳೆ ಕೈಕೊಟ್ಟ ವರ್ಷದಲ್ಲಿ ಕೂಡ್ಲಿಗಿಯ ಗ್ಯಾರೇಜಿನಲ್ಲಿ ಉಳಿದ ಹೊತ್ತು ಚಹಾ ಅಂಗಡಿಗೆ ಹೋಗುತ್ತದೆ. ಸಲಕರಣೆಯ ಮೇಲೆ ಹಾಕಿದ ದುಡ್ಡು ಕೆಲಸ ಇದ್ದರೆ ತಾನೆ ದುಡಿಯುವುದು? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಲಾರಿಗಳನ್ನೇ ನಂಬಿದ್ದ ಗ್ಯಾರೇಜುಗಳಿಗೆ ಈ ಪಾಠ ಆಗಿದೆ.

ಒಂದು ಕಡೆ ಮಾತ್ರ ಬೆಲ್ಲೋ ಬಾಟಲ್ ಜಾಕನ್ನು ಸಲೀಸಾಗಿ ಸೋಲಿಸುತ್ತದೆ. ಹಡಗಲಿ, ಹರಪನಹಳ್ಳಿ ಕಡೆಯ ಎರೆ ನೆಲದಲ್ಲಿ ಮಳೆ ಬಿದ್ದ ಮೇಲೆ ಬಾಟಲ್ ಜಾಕಿನ ಅಂಗೈಯಗಲದ ತಳ ಮಣ್ಣಿನೊಳಗೆ ಇಳಿಯುತ್ತದೆ. ಗಾಡಿ ಇದ್ದಲ್ಲೇ ಇರುತ್ತದೆ. ಬೆಲ್ಲೋದ ಪ್ಲೇಟ್ ಅಗಲ, ಹಾಗಾಗಿ ಭಾರ ಹಂಚಿಹೋಗುತ್ತದೆ. ಆದರೆ ಹೊಲಕ್ಕೆ ಕಂಪ್ರೆಸರ್ ಒಯ್ಯುವವರಾರು? ಟ್ರ್ಯಾಕ್ಟರ್ ಟ್ರೇಲರಿನ ಅಚ್ಚು ಬೇರೆ ಎತ್ತರ. ಅಲ್ಲಿಗೆ ಹಲಗೆ ತುಂಡು ಮತ್ತು ಹಳೆಯ ಬಾಟಲ್ ಜಾಕೇ ಗತಿ.

ಇಷ್ಟೆಲ್ಲ ಲೆಕ್ಕ ಆದ ಮೇಲೂ ಅಳಿಯ ಜಾಕ್ ಮಾಡಿಯೇ ಬಿಟ್ಟ. ಜಾಕ್ ತಯಾರಾದ ಮೇಲೆ ಮೊದಲು ಒಳಗೆ ಹೋಗಬೇಕಾದ್ದು ಗಾಳಿಯಲ್ಲ, ನೀರು. ನೀರು ಕುಗ್ಗುವುದಿಲ್ಲ, ಬೆಲ್ಲೋ ಹರಿದರೂ ಪಿಚಕ್ ಎಂದು ಚಿಮ್ಮಿ ಮುಗಿಯುತ್ತದೆ. ಕುಗ್ಗಿ ಕೂತ ಗಾಳಿ ಹಾಗಲ್ಲ. ಎಂಟು ಲೀಟರ್ ಹಿಡಿಯುವ ಬೆಲ್ಲೋದಲ್ಲಿ 120 ಪಾಯಿಂಟ್ ಗಾಳಿ ಒಮ್ಮೆಗೇ ಬಿಡುಗಡೆಯಾದರೆ ಒಂದು ಟನ್ ಭಾರವನ್ನು ಮೊಣಕಾಲೆತ್ತರ ಚಿಮ್ಮಿಸುವಷ್ಟು ಬಲ ಅದರಲ್ಲಿದೆ. ಪ್ಲಂಬರುಗಳು ಪೈಪ್‌ಲೈನ್ ಪರೀಕ್ಷೆಗೆ ಬಳಸುವ ಕೈಪಂಪಿನಿಂದ, ಬಳಸುವ ಒತ್ತಡದ ಒಂದೂವರೆ ಪಟ್ಟು ಏರಿಸಿ ಗ್ಯಾರೇಜಿನವರು ಹಾಗೇ ಬಿಟ್ಟರು. ಗೇಜಿನ ಮುಳ್ಳು ಕದಲಲಿಲ್ಲ. ಆಮೇಲೆ ನೀರು ಬಸಿದು, ಜೋಡಣೆಗಳಿಗೆಲ್ಲ ಸೋಪಿನ ನೊರೆ ಬಳಿದು ಪಿಕಪ್ ಗಾಡಿಯ ಹಿಂಭಾಗಕ್ಕೆ ಇಟ್ಟು ಗಾಳಿ ಬಿಟ್ಟಾಗ, ಮಡಚಿದ್ದ ರಬ್ಬರ್ ಹೆಂಚಿನ ಮೇಲಿನ ರೊಟ್ಟಿ ಹಾಗೆ ಉಬ್ಬಿತು. ಟೈರ್ ನೆಲ ಬಿಟ್ಟ ಕೂಡಲೇ ಸ್ಟ್ಯಾಂಡ್ ಒಳಗೆ ಹೋಯಿತು, ಜಾಕಿನ ಗಾಳಿ ಇಳಿಯಿತು, ಗಾಡಿ ಸ್ಟ್ಯಾಂಡಿನ ಮೇಲೆ ಕೂತಿತು. ಯಾರಾದರೂ ಅದರಡಿ ತೂರಿದ್ದು ಅದಾದ ಮೇಲೇ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ತೇರು ಉರುಳಿದ್ದನ್ನು ಕಂಡ ಜನ ಇವರು. ಭಾರ ವಾಲತೊಡಗಿದರೆ ಓಡಲು ಎಷ್ಟು ಹೊತ್ತು ಸಿಗುತ್ತದೆಂದು ಹೇಳಿಕೊಡಬೇಕಿಲ್ಲ.

ಬೆಲ್ಲೋ ಬದಲು ಹಳೆ ಗ್ಯಾಸ್ ಸಿಲಿಂಡರ್ ಕೊಯ್ದು ಪಿಸ್ಟನ್ ಕೂರಿಸುವ, ಟ್ಯೂಬ್ ಮೇಲೆ ಟ್ಯೂಬ್ ಪೇರಿಸುವ ಸಾಹಸಗಳೂ ಉಂಟು. ಅಂಕಣಕಾರನ ತೀರ್ಪು ಒಂದೇ: ಬೇಡ. ಮನೆಯ ಸಿಲಿಂಡರ್ ನಿಮ್ಮದಲ್ಲ, ತೈಲ ಕಂಪನಿಯದು. ನೀವು ಕಟ್ಟಿರುವುದು ಠೇವಣಿ ಮಾತ್ರ.

ಇಂಥ ಸಲಕರಣೆಗೆ ದುಡ್ಡು ಎಲ್ಲಿಂದ ತರುವುದು? ಕೈಸಾಲ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ ತಂದು ಸಿದ್ಧ ಜಾಕ್ ಕೊಂಡರೆ ವರ್ಷಕ್ಕೆ ಬಡ್ಡಿಯೇ 4,140, ಜಾಕಿನ ಬೆಲೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು. ಹಾಗೆ ಕೊಳ್ಳುವುದಕ್ಕಿಂತ ಬಾಟಲ್ ಜಾಕ್ ಒತ್ತುವುದೇ ಮೇಲು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಸಲಕರಣೆಗೆಂದು 15,000 ರೂಪಾಯಿ ಕೊಡುತ್ತದೆ, ಆದರೆ ಅದರ 18 ಕಸುಬುಗಳಲ್ಲಿ ಕಮ್ಮಾರರಿದ್ದಾರೆ, ಮೋಟಾರ್ ಮೆಕ್ಯಾನಿಕ್ ಇಲ್ಲ. ಗ್ಯಾರೇಜಿನವರಿಗೆ ಹೊಂದುವುದು ಮುದ್ರಾ ಯೋಜನೆಯ ಶಿಶು ಸಾಲ. 50,000 ರೂಪಾಯಿವರೆಗೆ ಅಡಮಾನ ಕೇಳುವಂತಿಲ್ಲ. ಅದನ್ನೂ ಜಾಕ್ ಒಂದಕ್ಕೇ ಅಲ್ಲದೆ, ಬೇಕಾದ ಸಲಕರಣೆಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿ ತೆಗೆದುಕೊಳ್ಳುವುದು ವಾಸಿ.

ಜಾಕ್ ನೋಡಿದ ಹರಪನಹಳ್ಳಿಯ ಗ್ಯಾರೇಜಿನವರೊಬ್ಬರು "ನಮಗೂ ಒಂದು ಮಾಡಿಕೊಡ್ರಿ, ರೊಕ್ಕ ಎಷ್ಟಾದ್ರೂ ಆಗಲಿ" ಎಂದರು. ಅಳಿಯನ ಕಣ್ಣು ಮಿನುಗಿತು. ಮಾಡಿ ಮಾರುವುದು ತಪ್ಪಲ್ಲ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಬಿತ್ತುವ ಕೂರಿಗೆಯಂಥ ಯಂತ್ರಗಳನ್ನು ತಮ್ಮ ಕಾರ್ಖಾನೆಯಲ್ಲೇ ರೂಪಿಸಿ 2022ರಲ್ಲಿ ಪದ್ಮಶ್ರೀವರೆಗೆ ಬಂದವರು. ಆದರೆ ಜಾಕ್ ಕೂರಿಗೆಯಲ್ಲ. ಅದರಡಿ ಮನುಷ್ಯ ಮಲಗುತ್ತಾನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಸರಕಿನಿಂದ ಹಾನಿಯಾದರೆ ತಯಾರಿಸಿದವನೇ ಪರಿಹಾರ ಕೊಡಬೇಕು. ಗುಜರಿಯ ಬೆಲ್ಲೋಗೆ ಅಷ್ಟು ದೊಡ್ಡ ಜಾಮೀನು ನಿಲ್ಲುವ ಶಕ್ತಿ ಈ ಕುಟುಂಬಕ್ಕಿಲ್ಲವೆಂದು ಅಂಕಣಕಾರ ಹೇಳಿದ. ಅಳಿಯ ಮುಖ ಊದಿಸಿಕೊಂಡರೂ ಒಪ್ಪಿದ.

ಗಾಡಿಯಡಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವಿಕಲತೆಗೆ 2 ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ 1 ಲಕ್ಷ. 18ರಿಂದ 70 ವರ್ಷದವರು ತಮ್ಮ ಬ್ಯಾಂಕಿನಲ್ಲೇ ಸೇರಬಹುದು. ವಿಮೆಯ ವರ್ಷ ಜೂನ್ 1ರಿಂದ ಮೇ 31. ಮೇ ತಿಂಗಳಲ್ಲಿ ನಿಮ್ಮ ಖಾತೆಯಲ್ಲೂ, ನಿಮ್ಮ ಗ್ಯಾರೇಜಿನ ಹುಡುಗರ ಖಾತೆಯಲ್ಲೂ ಆ 20 ರೂಪಾಯಿ ಇದೆಯೇ ನೋಡಿಕೊಳ್ಳಿ.