ಫಾರ್ಮ್ ಕೈಕೊಟ್ಟಾಗ ಎಲ್ಲಿ ನೋಡಬೇಕು?

ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಫಾರ್ಮ್ ತಯಾರಿಸುವುದು ಕಷ್ಟವಲ್ಲ. ಟೇಬಲನ್ನು ಆಯ್ದುಕೊಂಡು 'ಕ್ರಿಯೇಟ್' ಟ್ಯಾಬ್‌ನಲ್ಲಿ 'ಫಾರ್ಮ್' ಒತ್ತಿದರೆ ಆಯಿತು. ತೊಂದರೆ ಶುರುವಾಗುವುದು ಅದರಲ್ಲಿ ಮಾಹಿತಿ ತುಂಬಲು ಕೂತಾಗ. ಈ ವರ್ಷ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಮ್ಮ ವಾಣಿಜ್ಯ ವಿಭಾಗದ ನಾಲ್ವರಿಗೆ ಸಿಕ್ಕಿತ್ತು. ಆಗ ಕಲಿತದ್ದನ್ನು ಕಿರಿಯರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು: ಫಾರ್ಮ್ ಬ್ಯಾಂಕಿನ ಕೌಂಟರ್ ಇದ್ದ ಹಾಗೆ, ಟೇಬಲ್ ಒಳಗಿನ ತಿಜೋರಿ ಇದ್ದ ಹಾಗೆ. ನಾವು ಟೈಪ್ ಮಾಡಿದ್ದು ಉಳಿಯುವುದು ಟೇಬಲ್‌ನಲ್ಲಿ. ಆದ್ದರಿಂದ ಫಾರ್ಮ್ ಹಟ ಹಿಡಿದರೆ ಒಂದು ಪರೀಕ್ಷೆ ಮಾಡಿ. ಟೇಬಲನ್ನೇ ತೆರೆದು ಅದೇ ಮಾಹಿತಿಯನ್ನು ನೇರವಾಗಿ ಹಾಕಿ ನೋಡಿ. ಟೇಬಲ್ ಒಪ್ಪಿಕೊಂಡರೆ ದೋಷ ಫಾರ್ಮ್‌ನಲ್ಲಿದೆ. ಟೇಬಲ್ ಕೂಡ ಬೇಡವೆಂದರೆ ಫಾರ್ಮ್ ಅನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ದೋಷ ಫಾರ್ಮ್‌ನಲ್ಲಿದ್ದರೆ

ಡಿಸೈನ್ ವ್ಯೂನಲ್ಲಿ ಪ್ರಾಪರ್ಟಿ ಶೀಟ್ ತೆರೆದು ಇವನ್ನು ನೋಡಿ.

1. ನಿನ್ನೆ ತುಂಬಿದ ದಾಖಲೆಗಳು ಕಾಣುತ್ತಿಲ್ಲವೇ? ಗಾಬರಿ ಬೇಡ. 'ಡೇಟಾ ಎಂಟ್ರಿ' ಎಂಬಲ್ಲಿ 'ಯೆಸ್' ಇದ್ದರೆ ಫಾರ್ಮ್ ಖಾಲಿ ಹಾಳೆಯನ್ನಷ್ಟೇ ತೋರಿಸುತ್ತದೆ. ಹಳೆಯವು ಟೇಬಲ್‌ನಲ್ಲಿ ಹಾಗೇ ಇರುತ್ತವೆ.

2. ಹೊಸ ದಾಖಲೆ ಸೇರಿಸಲು ಆಗುತ್ತಿಲ್ಲವೇ? 'ಅಲೋ ಅಡಿಷನ್ಸ್' ಎಂಬಲ್ಲಿ 'ನೋ' ಇರಬಹುದು.

3. ಯಾವ ಜಾಗದಲ್ಲೂ ಟೈಪ್ ಆಗುತ್ತಿಲ್ಲವೇ? 'ರೆಕಾರ್ಡ್‌ಸೆಟ್ ಟೈಪ್' ಎಂಬಲ್ಲಿ 'ಸ್ನ್ಯಾಪ್‌ಶಾಟ್' ಇದೆಯೇ ನೋಡಿ. ಅಥವಾ ಫಾರ್ಮ್ ಒಟ್ಟು ಮೊತ್ತ ತೆಗೆಯುವ ಕ್ವೆರಿಯ ಮೇಲೆ ನಿಂತಿರಬಹುದು. ಮೊತ್ತವನ್ನು ತಿದ್ದಲು ಆಕ್ಸೆಸ್ ಬಿಡುವುದಿಲ್ಲ.

4. ಒಂದು ಪೆಟ್ಟಿಗೆಯಲ್ಲಿ ಬರೆದದ್ದು ಮುಂದಿನ ವಿದ್ಯಾರ್ಥಿಯ ದಾಖಲೆಯಲ್ಲೂ ಹಾಗೇ ಕಾಣುತ್ತಿದೆಯೇ? ಅದರ 'ಕಂಟ್ರೋಲ್ ಸೋರ್ಸ್' ಖಾಲಿ ಇದೆ. ಬರೆದದ್ದು ಟೇಬಲ್‌ಗೆ ಹೋಗುತ್ತಲೇ ಇಲ್ಲ.

ದೋಷ ಟೇಬಲ್‌ನಲ್ಲಿದ್ದರೆ

ಹೆಚ್ಚಾಗಿ ಕಾಡುವುದು ಮೊಬೈಲ್ ಸಂಖ್ಯೆ. ಸಂಖ್ಯೆ ಎಂಬ ಹೆಸರಿದೆಯೆಂದು 'ನಂಬರ್' ವಿಧವನ್ನು ಆರಿಸಿದರೆ ಆಕ್ಸೆಸ್ ಅದನ್ನು 'ಲಾಂಗ್ ಇಂಟಿಜರ್' ಮಾಡುತ್ತದೆ. ಅದರ ಗರಿಷ್ಠ ಮಿತಿ 2,14,74,83,647. ಒಂಬತ್ತರಿಂದ ಶುರುವಾಗುವ ಹತ್ತು ಅಂಕಿಯ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ. ಬ್ಯಾಂಕ್ ಖಾತೆಯ ಸಂಖ್ಯೆಯದು ಬೇರೆ ಕಥೆ. ಅದು ಸೊನ್ನೆಯಿಂದ ಆರಂಭವಾಗಿದ್ದರೆ ಮುಂದಿನ ಸೊನ್ನೆಗಳು ಮಾಯವಾಗುತ್ತವೆ. ಆಮೇಲೆ ವಿಧ ಬದಲಿಸಿದರೂ ಹೋದ ಸೊನ್ನೆ ಮರಳುವುದಿಲ್ಲ. ನಾವು ಇಟ್ಟುಕೊಂಡ ನಿಯಮ ಇದು: ಕೂಡಿ ಕಳೆಯುವಂಥದ್ದು ಮಾತ್ರ 'ನಂಬರ್', ಉಳಿದ ಅಂಕಿಗಳೆಲ್ಲ 'ಶಾರ್ಟ್ ಟೆಕ್ಸ್ಟ್'.

ಶುಲ್ಕದ ಟೇಬಲ್‌ನಲ್ಲಿ ಹೆಸರು ಸೇರಿಸುವಾಗ ಸಂಬಂಧಿತ ದಾಖಲೆ ಬೇಕೆಂಬ ಸಂದೇಶ ಬಂದರೆ, ಆ ವಿದ್ಯಾರ್ಥಿಯನ್ನು ಮೊದಲು ವಿದ್ಯಾರ್ಥಿಗಳ ಟೇಬಲ್‌ಗೆ ಸೇರಿಸಬೇಕು. ಲೆಡ್ಜರ್‌ನಲ್ಲಿ ಖಾತೆಯನ್ನೇ ತೆರೆಯದೆ ಪೋಸ್ಟಿಂಗ್ ಮಾಡಲಾಗದು ಎಂದು ಅಕೌಂಟೆನ್ಸಿ ಓದುವ ನಮಗೆ ಗೊತ್ತೇ ಇದೆ.

ಸಂದೇಶವೇ ಬಾರದ ದೋಷಗಳು

ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎನ್ನುವಂತಿಲ್ಲ. ಪೂರ್ತಿ ಬಿಟ್ಟುಹೋದ ವ್ಯವಹಾರವನ್ನು ಅದು ತೋರಿಸುವುದಿಲ್ಲ. ಫಾರ್ಮ್ ಕೂಡ ಹಾಗೆಯೇ. ಸುಮ್ಮನೆ ಒಪ್ಪಿಕೊಂಡಿತೆಂದರೆ ಮಾಹಿತಿ ಸರಿ ಇದೆ ಎಂದು ಅರ್ಥವಲ್ಲ.

ಹುಟ್ಟಿದ ದಿನಾಂಕವನ್ನೇ ನೋಡಿ. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 05/08/2008 ಎಂದರೆ ಆಗಸ್ಟ್ 5 ಆಗದೆ ಮೇ 8 ಆಗುತ್ತದೆ. 25/08/2008 ಮಾತ್ರ ಸರಿಯಾಗಿಯೇ ಕೂರುತ್ತದೆ, ಯಾಕೆಂದರೆ ಇಪ್ಪತ್ತೈದನೇ ತಿಂಗಳು ಇಲ್ಲ. ಕೆಲವು ಸರಿ, ಕೆಲವು ತಪ್ಪು ಆಗಿರುವುದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ವಿಂಡೋಸ್‌ನ 'ರೀಜನ್' ಸೆಟ್ಟಿಂಗನ್ನು ಭಾರತಕ್ಕೆ ಬದಲಿಸಿ, ತಿಂಗಳು ಅಕ್ಷರದಲ್ಲಿ ಕಾಣುವಂತೆ ಟೇಬಲ್‌ನಲ್ಲಿ 'ಮೀಡಿಯಂ ಡೇಟ್' ಇಡಿ.

ಹೆಸರಿನದು ಇನ್ನೂ ಸೂಕ್ಷ್ಮ. ನಮಗೆ ಸಿಕ್ಕಿದ ಫಾರ್ಮ್‌ನಲ್ಲಿ ಸರ್‌ನೇಮ್ ಕಡ್ಡಾಯವಾಗಿತ್ತು. ನಮ್ಮ ಮನೆಯಲ್ಲಿ ಅಬ್ಬಾನಿಗೂ ಇಲ್ಲ, ಅಮ್ಮಿಗೂ ಇಲ್ಲ, ನನಗೂ ಇಲ್ಲ. ತರಗತಿಯಲ್ಲಿ ಕೆಲವರಿಗೆ ಶೇಖ್, ಸೈಯದ್ ಎಂಬುದು ಹೆಸರಿನ ಮುಂದೆಯೇ ಬರುತ್ತದೆ. ಒಂದು ಚುಕ್ಕೆ ಇಟ್ಟರೆ ಅಥವಾ ತಂದೆಯ ಹೆಸರು ಸೇರಿಸಿದರೆ ಫಾರ್ಮ್ ಮುಂದೆ ಹೋಗುತ್ತದೆ. ಆದರೆ ಆ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಆಧಾರ್‌ಗೂ ಪಾಸ್‌ಬುಕ್ಕಿಗೂ ಹೊಂದುವುದಿಲ್ಲ. ಅರ್ಜಿ ಅಲ್ಲೇ ನಿಂತರೆ ಆ ಹಣವನ್ನೇ ನಂಬಿ ಫೀಸು ಕಟ್ಟಬೇಕಾದ ಮನೆಗೆ ಕಷ್ಟ. ಹಾಗಾಗಿ ನಾವು ಟೇಬಲ್‌ನಲ್ಲಿ ಸರ್‌ನೇಮ್‌ನ 'ರಿಕ್ವೈರ್ಡ್' ಅನ್ನು 'ನೋ' ಮಾಡಿ, ಪೂರ್ಣ ಹೆಸರಿಗೆ ಒಂದೇ ಜಾಗ ಇಟ್ಟೆವು.

ಕಾಗುಣಿತವನ್ನೂ ತಿದ್ದಬೇಡಿ. ಉರ್ದುವಿನಲ್ಲಿ ಮೊಹಮ್ಮದ್ ಎಂದರೆ ಮೀಮ್, ಹೇ, ಮೀಮ್, ದಾಲ್ ಎಂಬ ನಾಲ್ಕೇ ಅಕ್ಷರ. ಇಂಗ್ಲಿಷಿನಲ್ಲಿ ಅದನ್ನು ಹಲವು ಬಗೆಯಲ್ಲಿ ಬರೆಯುತ್ತಾರೆ. ಯಾವುದು ಚೆಂದ ಎಂಬುದು ನಮ್ಮ ಕೆಲಸವಲ್ಲ. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಹಾಕಬೇಕು.

ಇಂಥ ದೋಷಗಳಿಗೆ ಇಬ್ಬರು ಕೂತು ತಾಳೆ ನೋಡುವುದೇ ಮದ್ದು. ಒಬ್ಬರು ಅಂಕಪಟ್ಟಿಯನ್ನು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಟೇಬಲ್ ನೋಡಲಿ. ಡಿಸೈನ್ ಬದಲಿಸುವ ಮೊದಲು ಫೈಲಿನ ಒಂದು ಪ್ರತಿ ಬೇರೆ ಕಡೆ ಇಡಿ. ಸಾಲಿನ ಎಡಗಡೆ ಪೆನ್ಸಿಲ್ ಗುರುತು ಕಾಣುವವರೆಗೆ ಆ ದಾಖಲೆ ಸೇವ್ ಆಗಿಲ್ಲ ಎಂಬುದು ನೆನಪಿರಲಿ. ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಸೇವ್ ಆಗುತ್ತದೆ.

ಅಭ್ಯಾಸಕ್ಕೆ: ಪಿನ್ ಕೋಡ್, ಪಡೆದ ಅಂಕ, ಆಧಾರ್ ಸಂಖ್ಯೆ, ಕಟ್ಟಿದ ಶುಲ್ಕ, ಹಾಜರಾದ ದಿನಗಳು, ರಿಜಿಸ್ಟರ್ ನಂಬರ್. ಇವುಗಳಲ್ಲಿ ಯಾವುವು ಟೆಕ್ಸ್ಟ್ ಆಗಬೇಕು, ಯಾಕೆ? ಬರೆದು ಲ್ಯಾಬ್‌ಗೆ ತನ್ನಿ, ಟೇಬಲ್ ಮಾಡಿ ಒಟ್ಟಿಗೆ ಪರೀಕ್ಷಿಸೋಣ.