ಹಿಂಡಿ, ತೌಡು, ಹುಳು: ಕಬ್ಬಿನ ಸೀಮೆಯ ಮೀನುಹೊಂಡ ಕಲಿಸಿದ್ದು

ಮೀನಿನ ಮೇವಿನಲ್ಲಿ ಎಲ್ಲಕ್ಕಿಂತ ದುಬಾರಿ ಅಂಶ ಪ್ರೋಟೀನ್. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳ ಮರಿಗಳಿಗೆ ಮೇವಿನಲ್ಲಿ ಶೇ 35ರಿಂದ 40ರಷ್ಟು ಪ್ರೋಟೀನ್ ಇರಬೇಕು; ಬೆಳೆಯುವ ಮೀನಿಗೆ ಶೇ 25ರಿಂದ 30 ಸಾಕು. ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೇವಿಗೇ ಹೋಗುತ್ತದೆ. ಹೀಗಾಗಿ ಆ ಪ್ರೋಟೀನನ್ನು ಯಾವುದರಿಂದ ಒದಗಿಸುತ್ತೇವೆ ಎಂಬುದೇ ಲಾಭ-ಲುಕ್ಸಾನನ್ನು ತೀರ್ಮಾನಿಸುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಮೀನು ಬಿಡುವ ಹೊಂಡಗಳು ಮುಖ್ಯವಾಗಿ ಎರಡು ಬಗೆ. ಒಂದು, ಕಬ್ಬಿಗೆ ವರ್ಷಗಟ್ಟಲೆ ಮಿತಿಮೀರಿ ನೀರು ಹಾಯಿಸಿ ಸವಳು-ಜವಳಾದ ಎರೆಭೂಮಿಯಲ್ಲಿ ತೋಡಿದ ಮಣ್ಣಿನ ಹೊಂಡ. ಇನ್ನೊಂದು, 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯ ನಂತರ ಹೆಚ್ಚಿದ, ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡ. ಎರಡರಲ್ಲೂ ಒಂದೇ ಮೀನು ಬಿಟ್ಟರೂ ಮೇವಿನ ಲೆಕ್ಕ ಬೇರೆ. ಎರೆಮಣ್ಣಿನ ಹೊಂಡಕ್ಕೆ ಸಗಣಿ ಗೊಬ್ಬರ ಹಾಕಿದರೆ ನೀರು ಹಸಿರುಗಟ್ಟುತ್ತದೆ. ಆ ಹಸಿರಿನಲ್ಲಿ ಬೆಳೆಯುವ ಸೂಕ್ಷ್ಮ ಜೀವಿಗಳ ಒಣತೂಕದಲ್ಲಿ ಅರ್ಧದ ಹತ್ತಿರ ಪ್ರೋಟೀನೇ ಇರುತ್ತದೆ. ಮೀನಿಗೆ ಬೇಕಾದ ಪ್ರೋಟೀನಿನ ದೊಡ್ಡ ಪಾಲು ಹೀಗೆ ನೀರಿನಲ್ಲೇ ಹುಟ್ಟುತ್ತದೆ. ಹಾಳೆ ಹಾಸಿದ ಹೊಂಡದಲ್ಲಿ ತಳದ ಮಣ್ಣೇ ಇಲ್ಲದ್ದರಿಂದ ಹುಳುಹುಪ್ಪಟೆ ಕಡಿಮೆ, ನೀರು ಹಸಿರಾಗುವುದೂ ನಿಧಾನ. ಅಲ್ಲಿ ಅಗ್ಗದ ಮೇವು ಹಾಕಿದರೆ ಮೀನಿನ ತಲೆ ದೊಡ್ಡದಾಗಿ ಮೈ ಸೊರಗುತ್ತದೆ. ಮೇವು ಬದಲಿಸುವ ಮೊದಲು ಹೊಂಡದ ತಳ ಯಾವುದೆಂದು ನೋಡಬೇಕು ಎನ್ನುವುದು ಈ ಸೀಮೆಯ ಮೊದಲ ಪಾಠ. ಮೇವಿನ ಮಾರಾಟಗಾರರು ಇದನ್ನು ಹೇಳುವುದಿಲ್ಲ.

ಮೀನಿನ ಮೇವಿಗೆ ಮಾದರಿ ಪ್ರೋಟೀನ್ ಎಂದರೆ ಮೀನುಪುಡಿಯೇ. ಕರಾವಳಿಯಲ್ಲಿ ಬೂತಾಯಿಯಂಥ ಸಣ್ಣ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ ಮಾಡುವ ಈ ಪುಡಿಯಲ್ಲಿ ಶೇ 50ರಿಂದ 65ರಷ್ಟು ಪ್ರೋಟೀನ್ ಇದ್ದು, ಮೀನಿನ ಮೈಗೆ ಬೇಕಾದ ಲೈಸಿನ್, ಮೆಥಿಯೋನಿನ್ ಎಂಬ ಅಮೈನೋ ಆಮ್ಲಗಳೂ ತುಂಬಿರುತ್ತವೆ. ಆದರೆ ಕರಾವಳಿಯಿಂದ ಘಟ್ಟ ಹತ್ತಿ ಜಮಖಂಡಿಗೆ ಬರುವಷ್ಟರಲ್ಲಿ ಬೆಲೆ ಏರಿರುತ್ತದೆ, ಉಪ್ಪು-ಮರಳಿನ ಕಲಬೆರಕೆಯ ಭಯವೂ ಇರುತ್ತದೆ.

ಮೀನುಪುಡಿಗೆ ಬದಲು ಎಂದಾಗ ಈ ಭಾಗದವರ ಕೈ ಮೊದಲು ಹೋಗುವುದು ಹಿಂಡಿಗೆ. ಗಾಣದ ಶೇಂಗಾ ಹಿಂಡಿಯಲ್ಲಿ ಶೇ 40ರಿಂದ 45ರಷ್ಟು ಪ್ರೋಟೀನ್ ಇದೆ. ಮೀನು ಅದನ್ನು ಬಹಳ ಇಷ್ಟಪಟ್ಟು ತಿನ್ನುತ್ತದೆ. ಕೊರತೆ ಇರುವುದು ಲೈಸಿನ್, ಮೆಥಿಯೋನಿನ್‌ಗಳಲ್ಲಿ. ಸೂರ್ಯಕಾಂತಿ ಹಿಂಡಿಯಲ್ಲಿ ಮೆಥಿಯೋನಿನ್ ತಕ್ಕಮಟ್ಟಿಗೆ ಇದೆ, ಆದರೆ ನಾರು ಹೆಚ್ಚು. ಸಿಪ್ಪೆ ತೆಗೆಯದ ಕುಸುಬೆ ಹಿಂಡಿಯಲ್ಲಿ ಪ್ರೋಟೀನ್ ಶೇ 20ರ ಆಸುಪಾಸು; ಉಳಿದದ್ದು ಬಹುಪಾಲು ಸಿಪ್ಪೆ. ಹತ್ತಿಕಾಳು ಹಿಂಡಿ ಎಮ್ಮೆಗೆ ಒಗ್ಗುತ್ತದೆ, ಮೀನಿಗೆ ಒಗ್ಗದು. ಅದರಲ್ಲಿರುವ ಗಾಸಿಪಾಲ್ ಎಂಬ ವಿಷವನ್ನು ಮೆಲುಕು ಹಾಕುವ ದನದ ಹೊಟ್ಟೆ ತಡೆಯಬಲ್ಲದು. ಮೀನಿನ ಕರುಳಿಗೆ ಆ ಶಕ್ತಿ ಇಲ್ಲ. ದನಕ್ಕೆ ತಂದ ಚೀಲವನ್ನೇ ಹೊಂಡಕ್ಕೂ ಸುರಿಯುವ ರೂಢಿಯನ್ನು ಬಿಡಲೇಬೇಕು.

ಶೇಂಗಾ ಹಿಂಡಿಯ ನಿಜವಾದ ಶತ್ರು ಬೂಷ್ಟು. ತೇವ ಶೇ 12 ದಾಟಿದ ಹಿಂಡಿಯಲ್ಲಿ ಬೆಳೆಯುವ ಆಸ್ಪರ್ಜಿಲಸ್ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಮೀನಿನ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಕುದಿಸಿದರೂ ಪೂರ್ತಿ ಹೋಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ಹರಿದಂಥ ವರ್ಷದಲ್ಲಿ ನೆನೆದ ಹಿಂಡಿಯನ್ನು ಒಣಗಿಸಿ ಬಳಸುವ ಆಸೆ ಯಾರಿಗೂ ಸಹಜ. ಅಂಥ ಹಿಂಡಿ ಗೊಬ್ಬರದ ಗುಂಡಿಗೆ ಹೋಗಬೇಕು, ಹೊಂಡಕ್ಕಲ್ಲ.

ಹಿಂಡಿ ಕೊಳ್ಳುವಾಗ ಚೀಲದ ಬೆಲೆ ನೋಡುವುದಕ್ಕಿಂತ ಒಂದು ಕಿಲೊ ಪ್ರೋಟೀನಿಗೆ ಎಷ್ಟು ಬಿತ್ತು ಎಂದು ನೋಡುವುದು ಮೇಲು. ಉದಾಹರಣೆಗೆ, ಶೇ 45 ಪ್ರೋಟೀನಿನ ಹಿಂಡಿ ಕಿಲೊಗೆ 45 ರೂಪಾಯಿ ಎಂದಿಟ್ಟುಕೊಂಡರೆ ಒಂದು ಕಿಲೊ ಪ್ರೋಟೀನಿಗೆ 100 ರೂಪಾಯಿ. ಶೇ 12.5 ಪ್ರೋಟೀನಿನ ತೌಡು 20 ರೂಪಾಯಿಗೆ ಸಿಕ್ಕರೂ ಅದರ ಪ್ರೋಟೀನ್ 160 ರೂಪಾಯಿ ಬೀಳುತ್ತದೆ. ತೌಡು ಅಗ್ಗ ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಅದನ್ನು ಶಕ್ತಿಗಾಗಿ ಹಾಕಬೇಕು, ಪ್ರೋಟೀನಿಗಾಗಿ ಅಲ್ಲ.

ಸೋಯಾ ಹಿಂಡಿಯಲ್ಲಿ ಶೇ 44ರಿಂದ 48ರಷ್ಟು ಪ್ರೋಟೀನ್ ಇದ್ದು ಲೈಸಿನ್ ಚೆನ್ನಾಗಿದೆ. ಸಸ್ಯಮೂಲಗಳಲ್ಲಿ ಮೀನುಪುಡಿಗೆ ಹತ್ತಿರ ಬರುವುದು ಇದೇ. ಹಸಿ ಸೋಯಾ ಕಾಳನ್ನು ಮಾತ್ರ ಹಾಕಕೂಡದು. ಅದರಲ್ಲಿರುವ, ಜೀರ್ಣಕ್ಕೆ ಅಡ್ಡಬರುವ ಅಂಶ ಕಾಯಿಸಿದರಷ್ಟೇ ನಾಶವಾಗುತ್ತದೆ. ಸೋಯಾದ ದೋಷ ಬೆಲೆಯ ಏರಿಳಿತ. 2021ರಲ್ಲಿ ಬೆಲೆ ಎಷ್ಟು ಮೇಲೇರಿತೆಂದರೆ ಕೇಂದ್ರ ಸರ್ಕಾರ 12 ಲಕ್ಷ ಟನ್ ಸೋಯಾ ಹಿಂಡಿ ಆಮದಿಗೆ ಆ ಆಗಸ್ಟ್‌ನಲ್ಲಿ ಅನುಮತಿ ಕೊಡಬೇಕಾಯಿತು. ಒಂದೇ ಹಿಂಡಿಯನ್ನು ನಂಬಿದ ಹೊಂಡಗಳಿಗೆ ಅಂಥ ವರ್ಷ ಕಷ್ಟದ್ದು.

ಈಚಿನ ವರ್ಷಗಳಲ್ಲಿ ಕಬ್ಬಿನ ಸೀಮೆಗೆ ಬಂದ ಹೊಸ ಮೂಲ ಡಿಡಿಜಿಎಸ್. ಗೋವಿನಜೋಳ ಇಲ್ಲವೇ ಅಕ್ಕಿ ನುಚ್ಚಿನಿಂದ ಎಥೆನಾಲ್ ಭಟ್ಟಿ ಇಳಿಸಿದ ಮೇಲೆ ಉಳಿಯುವ ಒಣ ಚರಟ ಇದು. ಪೆಟ್ರೋಲ್‌ಗೆ ಎಥೆನಾಲ್ ಬೆರಕೆ ಹೆಚ್ಚುತ್ತ ಹೋದಂತೆ, ಅದರಲ್ಲೂ 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ತೆಗೆಯುವುದಕ್ಕೆ ಲಗಾಮು ಬಿದ್ದ ಮೇಲೆ, ಧಾನ್ಯದ ಭಟ್ಟಿಗಳು ಹೆಚ್ಚಿದವು. ಚರಟವೂ ಪೇಟೆಗೆ ಧಾರಾಳವಾಗಿ ಬರತೊಡಗಿತು. ಅಕ್ಕಿಯ ಡಿಡಿಜಿಎಸ್‌ನಲ್ಲಿ ಪ್ರೋಟೀನ್ ಶೇ 42ರ ಮೇಲೆ, ಗೋವಿನಜೋಳದ್ದರಲ್ಲಿ ಶೇ 26ರಿಂದ 30. ಕಾಳಿನ ಮೂರರಲ್ಲಿ ಎರಡು ಪಾಲಿನಷ್ಟಿದ್ದ ಪಿಷ್ಟ ಭಟ್ಟಿಯಲ್ಲಿ ಕರಗಿಹೋಗುವುದರಿಂದ ಉಳಿದದ್ದೆಲ್ಲ ಸುಮಾರು ಮೂರು ಪಟ್ಟು ಗಟ್ಟಿಯಾಗುತ್ತದೆ. ಪ್ರೋಟೀನ್ ಹೇಗೋ ಬೂಷ್ಟಿನ ವಿಷವೂ ಹಾಗೆಯೇ. ಕೆಟ್ಟ ಗೋವಿನಜೋಳದಿಂದ ಒಳ್ಳೆಯ ಚರಟ ಬರುವುದಿಲ್ಲ. ಬಣ್ಣವನ್ನೂ ನೋಡಬೇಕು: ಹೊಂಬಣ್ಣದ್ದು ಹದವಾಗಿ ಒಣಗಿದ್ದು, ಕಾಫಿಪುಡಿಯಂತೆ ಕಪ್ಪಾದದ್ದು ಅತಿಯಾಗಿ ಕಾದು ಲೈಸಿನ್ ಕಳೆದುಕೊಂಡದ್ದು. ಬೆಳೆದ ಗೆಂಡೆಗಳ ಮೇವಿನಲ್ಲಿ ಐದರಲ್ಲೊಂದು ಪಾಲಿನವರೆಗೆ ಇದನ್ನು ಸೇರಿಸಿ, ಜೊತೆಗೆ ಸೋಯಾ ಇಟ್ಟರೆ ಬೆಳವಣಿಗೆ ಕುಂದದು ಎಂಬುದು ಈ ಲೇಖಕ ಕಂಡದ್ದು. ಮರಿಗಳಿಗೆ ಇದು ಬೇಡ.

ಇನ್ನು ಸಕ್ಕರೆ ಕಾರ್ಖಾನೆಯ ಕಾಕಂಬಿ ಪ್ರೋಟೀನಿನ ಮೂಲವಲ್ಲ, ಮೇವಿನ ಹಿಟ್ಟನ್ನು ಕಟ್ಟುವ ಅಂಟು ಮಾತ್ರ.

ಕರ್ನಾಟಕದ್ದೇ ಎನ್ನಬಹುದಾದ ಪ್ರೋಟೀನ್ ಎಂದರೆ ರೇಷ್ಮೆಗೂಡಿನ ಕೋಶಹುಳು. ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ಈ ಹುಳುವಿನ ಒಣತೂಕದಲ್ಲಿ ಅರ್ಧದಷ್ಟು ಪ್ರೋಟೀನ್, ಕಾಲುಭಾಗದಷ್ಟು ಎಣ್ಣೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಎಂ. ಸಿ. ನಂದೀಶ ಮತ್ತು ಸಂಗಡಿಗರು ಎಣ್ಣೆ ತೆಗೆಯದ ಕೋಶಹುಳುವನ್ನೇ ಸಾಮಾನ್ಯ ಗೆಂಡೆಯ ಮೇವಿಗೆ ಹಾಕಿ ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದರು; ಮೀನುಪುಡಿಯ ಜಾಗದಲ್ಲಿ ಅದು ನಿಲ್ಲಬಲ್ಲದೆಂದು ಕಂಡಿತು. ಅಡಚಣೆ ಇರುವುದು ದೂರದಲ್ಲಿ. ಎಣ್ಣೆಯುಳ್ಳ ಹುಳು ಸಾಗಣೆಯ ಬಿಸಿಲಿಗೆ ಬೇಗ ಕಮಟುತ್ತದೆ, ಆ ವಾಸನೆ ಮೀನಿಗೂ ಅಂಟುತ್ತದೆ. ಬನಹಟ್ಟಿಯ ಸಂತೆಯಲ್ಲಿ ಮೂಗು ಮುರಿಯುವ ಗಿರಾಕಿಗೆ ಸಂಶೋಧನೆ ತೋರಿಸಿ ಉಪಯೋಗವಿಲ್ಲ. ಎಣ್ಣೆ ತೆಗೆದ ಪುಡಿಯಾದರೆ ಮಾತ್ರ ಇಷ್ಟು ದೂರ ತರಿಸಬಹುದು.

ಕಪ್ಪು ಸೈನಿಕ ನೊಣದ ಹುಳುವಿನ ಬಗ್ಗೆ ಈಗ ಮಾತು ಜೋರಾಗಿದೆ. ಹುಳುವಿನಲ್ಲಿ ಶೇ 40ರ ಸುಮಾರು ಪ್ರೋಟೀನ್, ಸಾಕಷ್ಟು ಕೊಬ್ಬು, ಸುಣ್ಣದ ಅಂಶ ಇವೆ. ತರಕಾರಿ ಸಂತೆಯ ಕಸ, ಕೊಳೆತ ಹಣ್ಣು ಕೊಟ್ಟರೆ ಎರಡು-ಮೂರು ವಾರಗಳಲ್ಲಿ ಬಲಿಯುತ್ತದೆ. ಬಲಿತ ಹುಳು ಇಳಿಜಾರು ಹಲಗೆ ಹತ್ತಿ ತಾನೇ ಹೊರಬಂದು ಬುಟ್ಟಿಗೆ ಬೀಳುತ್ತದೆ. ಆದರೆ ಕಬ್ಬಿನ ರವದಿಯಿಂದ ಮಾತ್ರ ಹುಳು ಬೆಳೆಸುತ್ತೇನೆ ಎಂದರೆ ಆಗದು, ನಾರು ಅದಕ್ಕೆ ಅರಗುವುದಿಲ್ಲ. ಡಿಸೆಂಬರ್-ಜನವರಿಯ ಚಳಿಗೆ ನೊಣಗಳ ಕೂಡುವಿಕೆ ನಿಲ್ಲುತ್ತದೆ. ಏಪ್ರಿಲ್-ಮೇ ತಿಂಗಳ 40 ಡಿಗ್ರಿಯ ಒಣ ಬಿಸಿಲಿಗೆ ತಟ್ಟೆಯ ಕಸ ಒಣಗಿ ಹುಳು ಸಾಯುತ್ತದೆ. ಮನೆಯ ಪಕ್ಕದ ಸಣ್ಣ ಹೊಂಡಕ್ಕೆ ಮಳೆಗಾಲದಲ್ಲಿ ಇದು ಒಳ್ಳೆಯ ಪೂರಕ. ಎಕರೆಗಟ್ಟಲೆ ಹೊಂಡವನ್ನು ಇದರ ಮೇಲೆ ನಿಲ್ಲಿಸಲಾಗದು.

ಅಜೋಲಾವನ್ನು ಹೊಗಳಿದ್ದು ಅತಿಯಾಯಿತು. ಅದರ ತೂಕದಲ್ಲಿ ಶೇ 93ಕ್ಕೂ ಹೆಚ್ಚು ನೀರೇ. 10 ಕಿಲೊ ಹಸಿ ಅಜೋಲಾದಲ್ಲಿ ಪ್ರೋಟೀನ್ ಅಬ್ಬಬ್ಬಾ ಎಂದರೆ 150 ಗ್ರಾಂ. ಹುಲ್ಲುಗೆಂಡೆ ಇದ್ದರೆ ಬೆಳೆಸಬಹುದು, ಬೇಸಿಗೆಯಲ್ಲಿ ನೆರಳು ಕಟ್ಟಬೇಕು.

ಇದಕ್ಕಿಂತ ಈ ಸೀಮೆಗೆ ಹೊಂದುವ ಉಪಾಯ ಕಬ್ಬಿನ ಸಿಪ್ಪೆಯಲ್ಲಿದೆ. ಹಾಲು ಹಿಂಡಿದ ಸಿಪ್ಪೆಯ ಕಟ್ಟುಗಳನ್ನು ನೀರಿನಲ್ಲಿ ಇಳಿಬಿಟ್ಟರೆ ಅದರ ಮೇಲೆ ಬ್ಯಾಕ್ಟೀರಿಯಾದ ಲೋಳೆಪದರ ಬೆಳೆಯುತ್ತದೆ. ರೋಹು, ಗೆಂಡೆ ಅದನ್ನು ಕೆರೆದು ತಿನ್ನುತ್ತವೆ. ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ಒಣಗಿದ ಅಂತರಗಂಗೆ ಈ ಮೂರನ್ನು ಹೋಲಿಸಿದ ಮಂಗಳೂರಿನ ಅಧ್ಯಯನ 1999ರಲ್ಲಿ ಪ್ರಕಟವಾಯಿತು; ಮೀನಿನ ಬೆಳವಣಿಗೆಯಲ್ಲಿ ಮುಂದೆ ನಿಂತದ್ದು ಸಿಪ್ಪೆಯೇ. ಗಾಣದಮನೆಗಳು, ಸಕ್ಕರೆ ಕಾರ್ಖಾನೆಗಳು ಇಷ್ಟೊಂದು ಇರುವ ತಾಲೂಕುಗಳಲ್ಲಿ ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದಿರುವುದು ವಿಚಿತ್ರ. ಒಂದೇ ಎಚ್ಚರಿಕೆ: ಕೊಳೆಯುವ ಸಿಪ್ಪೆ ನೀರಿನ ಆಮ್ಲಜನಕ ಹೀರುತ್ತದೆ. ಕಟ್ಟುಗಳನ್ನು ಸ್ವಲ್ಪಸ್ವಲ್ಪವಾಗಿ ಇಳಿಸಬೇಕು, ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಕೂಡಲೇ ಎತ್ತಬೇಕು.

ಎಂಥ ಪ್ರೋಟೀನಾದರೂ ಹಾಕುವ ಕ್ರಮ ತಪ್ಪಿದರೆ ಹೊಂಡದ ತಳ ಸೇರುತ್ತದೆ. ನೆನೆಸಿದ ಹಿಂಡಿ-ತೌಡನ್ನು ತೂತು ಮಾಡಿದ ಚೀಲದಲ್ಲಿ ತುಂಬಿ ಗಳಕ್ಕೆ ಕಟ್ಟುವ ಆಂಧ್ರದ ಪದ್ಧತಿಯಲ್ಲಿ ಪೋಲಾಗುವುದು ಕಡಿಮೆ, ಉಳಿದದ್ದೂ ಕಣ್ಣಿಗೆ ಕಾಣುತ್ತದೆ. ದಿನಾಲೂ ಹೆಚ್ಚು ಪ್ರೋಟೀನಿನ ಮೇವನ್ನೇ ಕೊಡಬೇಕಿಲ್ಲ. ಒಂದು ದಿನ ಹೆಚ್ಚಿನದು, ಒಂದು ದಿನ ಕಡಿಮೆಯದು ಎಂದು ಸರದಿ ಹಾಕುವ ಕ್ರಮವನ್ನು ಮೀನುಸಾಕಣೆ ವಿಜ್ಞಾನಿ ಸೇನಾ ಡಿ ಸಿಲ್ವ ಮತ್ತು ನಂದೀಶ ಅವರ ತಂಡ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳ ಮೇಲೆ ಪರೀಕ್ಷಿಸಿದೆ. ಮೋಡ ಕವಿದ ದಿನ ಮೇವು ಅರ್ಧಕ್ಕಿಳಿಸುವುದು ಒಳ್ಳೆಯದು.

ಒಟ್ಟು ಲೆಕ್ಕದಲ್ಲಿ, ಮಣ್ಣಿನ ಹೊಂಡದ ಬೆಳೆದ ಗೆಂಡೆಗಳಿಗೆ ಮೀನುಪುಡಿ ಬೇಕಿಲ್ಲ. ಶೇಂಗಾ, ಸೋಯಾ, ಡಿಡಿಜಿಎಸ್ ಕೂಡಿಸಿದ ಮಿಶ್ರಣ ಸಾಕು. ಮೀನುಪುಡಿಯನ್ನು ಮರಿಗಳ ಮೊದಲ ವಾರಗಳಿಗೂ ಹಾಳೆ ಹಾಸಿದ ಹೊಂಡಕ್ಕೂ ಮೀಸಲಿಡಬೇಕು. ಹಿಂಡಿಯಾಗಲಿ ಚರಟವಾಗಲಿ, ಲೋಡು ಇಳಿಸಿಕೊಳ್ಳುವ ಮೊದಲು ಪ್ರೋಟೀನ್, ತೇವ, ಅಫ್ಲಾಟಾಕ್ಸಿನ್ ಮೂರನ್ನೂ ತೋರಿಸುವ ಪರೀಕ್ಷಾ ಚೀಟಿಯನ್ನು ಕೇಳಿ ಪಡೆಯಿರಿ, ಕೊಡದವರಲ್ಲಿ ಕೊಳ್ಳಬೇಡಿ.