ಬೇಕೆಂದೇ ಬಿಟ್ಟದ್ದು

ಪ್ರಶ್ನೆ: ಕೆನಡಾದ ಕ್ರೀ ಕಲಾವಿದ ಡ್ವೇನ್ ಲಿಂಕ್‌ಲೇಟರ್ ಮ್ಯೂಸಿಯಂ ವಸ್ತುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿ ಶಿಲ್ಪವೆಂದು ಇಡುತ್ತಾರಂತೆ. ಬೇಟೆಯ ಸಿನಿಮಾ ಮಾಡಿ ಧ್ವನಿಯನ್ನೇ ತೆಗೆದಿದ್ದಾರಂತೆ. ಇದು ಅರೆಬರೆ ಕೆಲಸವಲ್ಲವೇ?

ಉತ್ತರ: ಏನೋ ಬಿಟ್ಟುಹೋಗಿದೆ ಎಂದು ನಿಮಗೆ ಅನ್ನಿಸಿದ್ದು ಸರಿಯೇ. ಆದರೆ ಅದು ಬೇಕೆಂದೇ ಬಿಟ್ಟದ್ದು.

ಮೊದಲು ಸಿನಿಮಾ ನೋಡೋಣ. ‘ಮಾಡೆಸ್ಟ್ ಲೈವ್ಲಿಹುಡ್’ 2012ರದ್ದು. ಬ್ರಯನ್ ಜಂಗೆನ್ ಜೊತೆಗೂಡಿ ಮಾಡಿದ್ದು. ಜಂಗೆನ್ ಅವರ ತಾಯಿಯ ಕಡೆಯವರು ಡೇನ್-ಜಾ ಜನ. ಅವರ ನಾಡಾದ ಉತ್ತರ ಬ್ರಿಟಿಷ್ ಕೊಲಂಬಿಯಾದಲ್ಲಿ ಇಬ್ಬರೂ ಮೂಸ್ ಬೇಟೆಗೆ ಹೋಗುತ್ತಾರೆ. ಮೂಸ್ ಎಂದರೆ ನಮ್ಮ ಕಡವೆಗಿಂತಲೂ ದೊಡ್ಡ ಜಿಂಕೆ ಜಾತಿಯ ಪ್ರಾಣಿ. ಜೊತೆಗೆ ಜಂಗೆನ್ ಅವರ ಹಿರಿಯ ಬಂಧುವೊಬ್ಬರಿದ್ದಾರೆ. ಅವರು ಆಡಿದ ಒಂದು ಮಾತೂ ನಮಗೆ ಕೇಳಿಸುವುದಿಲ್ಲ. ಕಾಡಿನ ವಿದ್ಯೆ ಕಲಿಯಲು ಹೋದವರ ಹತ್ತಿರವೇ ಉಳಿಯುತ್ತದೆ. ನೋಡುವ ಅವಕಾಶ ಮಾತ್ರ ನಮ್ಮದು.

‘ಮಿತವಾದ ಜೀವನೋಪಾಯ’ ಎಂಬ ಅರ್ಥದ ಚಿತ್ರದ ಹೆಸರು 1999ರ ಒಂದು ತೀರ್ಪನ್ನು ನೆನಪಿಸುತ್ತದೆ. ಮಿಗ್‌ಮಾ ಜನಾಂಗದ ಡೊನಾಲ್ಡ್ ಮಾರ್ಷಲ್ ಹಾವುಮೀನು ಹಿಡಿದು ಮಾರಿದ ಮೊಕದ್ದಮೆ ಅದು. 1760-61ರ ಒಪ್ಪಂದಗಳ ಪ್ರಕಾರ ಅವರ ಜನ ಮೀನು ಹಿಡಿದು ಮಾರಿ ಮಿತವಾಗಿ ಬದುಕಬಹುದು, ಆದರೆ ಸಂಪತ್ತು ಪೇರಿಸುವ ಹಕ್ಕಿಲ್ಲ ಎಂದಿತು ಕೆನಡಾದ ಸುಪ್ರೀಂ ಕೋರ್ಟು.

ಇನ್ನು ಶಿಲ್ಪ. 2015ರಲ್ಲಿ ಲಿಂಕ್‌ಲೇಟರ್ ಅಮೆರಿಕದ ಯೂಟಾದ ಲಲಿತಕಲಾ ಮ್ಯೂಸಿಯಂನಲ್ಲಿದ್ದ ಮೂಲನಿವಾಸಿಗಳ ವಸ್ತುಗಳ ಆಕಾರವನ್ನು ಕಂಪ್ಯೂಟರಿಗೆ ಇಳಿಸಿ, ತ್ರೀಡಿ ಪ್ರಿಂಟರಿನಲ್ಲಿ ತೆಗೆಸಿದರು. ಹೀಗೆ ಮಾಡುವಾಗ ಮರ, ಮಣ್ಣು, ಬಣ್ಣ ಎಲ್ಲ ಹೋಗಿ ಆಕಾರವಷ್ಟೇ ಉಳಿಯುತ್ತದೆ. ಇಂಥ ವಸ್ತುಗಳು ಮ್ಯೂಸಿಯಂ ಸೇರುವಾಗಲೂ ಆಗುವುದು ಇದೇ ತಾನೆ? ಮಾಡಿದವರ ಹೆಸರು, ಬಳಸುತ್ತಿದ್ದ ಮನೆ, ಮಾತು ಎಲ್ಲ ಹಿಂದೆ ಉಳಿದು, ಚೀಟಿ ಅಂಟಿಸಿದ ವಸ್ತುವೊಂದೇ ಒಳಗೆ ಬರುತ್ತದೆ. ಆ ನಷ್ಟವನ್ನು ಕಣ್ಣಿಗೆ ಕಾಣಿಸಲೆಂದೇ ಪ್ರತಿಕೃತಿ ಒರಟಾಗಿದೆ.

ಇಲ್ಲೊಂದು ಗೊಂದಲ ಆಗಬಹುದು. ಕಲಾವಿದ ಕ್ರೀ ಆದುದರಿಂದ ಆ ವಸ್ತುಗಳೂ ಕ್ರೀ ಜನರವೇ ಎಂದುಕೊಳ್ಳಬೇಡಿ. ಅವು ಬೇರೆ ಬೇರೆ ಜನಾಂಗಗಳವು. ಲಿಂಕ್‌ಲೇಟರ್ ಉತ್ತರ ಆಂಟೇರಿಯೊದ ಮೂಸ್ ಕ್ರೀ ಸಮುದಾಯದವರು. ಯೂಟಾ ಅಲ್ಲಿಂದ ಬಹಳ ದೂರ.

ನನಗೆ ಹೆಚ್ಚು ಹಿಡಿಸಿದ್ದು 2016ರಲ್ಲಿ ಟೊರಾಂಟೊದಲ್ಲಿ ನಡೆದ ‘ಫ್ರಮ್ ಅವರ್ ಹ್ಯಾಂಡ್ಸ್’ ಪ್ರದರ್ಶನ. ಅವರ ಅಜ್ಜಿ ಎಥೆಲ್ ಲಿಂಕ್‌ಲೇಟರ್ ಅವರ ಕೈಕೆಲಸ ಥಂಡರ್ ಬೇ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿತ್ತು. ಮೊಮ್ಮಗ ಅದನ್ನು ಎರವಲು ತಂದು, ತನ್ನ ಕೃತಿಗಳ ಜೊತೆಗೇ ಇಟ್ಟು, ಅಜ್ಜಿಯ ಹೆಸರನ್ನೂ ಕಲಾವಿದೆಯೆಂದೇ ನಮೂದಿಸಿದರು.